ಅರ್ಧ ಇಂಚಿನ ಲೆಕ್ಕ

ಡಾಕ್ಟರ ಕೈಯಲ್ಲಿದ್ದ ಟೇಪಿನ ತುದಿಯ ತಗಡು ಬಿದ್ದುಹೋಗಿತ್ತು. ಇಪ್ಪತ್ತೆರಡು ವರ್ಷದಿಂದ ರವಿಕೆ ಹೊಲಿಯುವವಳು ನಾನು. ಟೇಪು ಕಂಡರೆ ಕಣ್ಣು ತಾನಾಗಿ ತುದಿಗೆ ಹೋಗುತ್ತದೆ. ತಗಡಿನ ಜೊತೆ ಬಟ್ಟೆಯೂ ಹರಿದು, ಮೊದಲನೇ ಅರ್ಧ ಇಂಚು ಇರಲೇ ಇಲ್ಲ. ಹೇಳೋಣ ಅನ್ನಿಸಿತು. ಆದರೆ ಸೊಂಟದ ಮೂಳೆಯಿಂದ ಕಣಕಾಲಿನ ಗಂಟಿನವರೆಗೆ ಅವರು ಅಳೆಯುತ್ತಿದ್ದಾಗ ನಾನು ಅಂಗಾತ ಮಲಗಿದ್ದೆ. ಸುತ್ತ ಐದು ಜನ ನಿಂತಿದ್ದರು. ಬಾಯಿ ಬರಲಿಲ್ಲ.

ಅಂಗವೈಕಲ್ಯ ಎಷ್ಟು ಪರ್ಸೆಂಟ್ ಅಂತ ತೀರ್ಮಾನಿಸುವ ಆ ಡಾಕ್ಟರುಗಳ ಬೋರ್ಡಿನ ಮುಂದೆ ನಾನು ಇದ್ದದ್ದು ಹೆಚ್ಚೆಂದರೆ ಹತ್ತು ನಿಮಿಷ. ಅದರ ಫಲಿತಾಂಶಕ್ಕೆ ಕಾದದ್ದು ಮೂರು ತಿಂಗಳು. ಅದಾದ ಮೇಲೆ ಅಂಗವಿಕಲರ ಮಾಸಾಶನಕ್ಕೆ ಕಾದದ್ದು ಬೇರೆ ಲೆಕ್ಕ.

ನಾನು ಹುಟ್ಟಿದ್ದು 1981ರಲ್ಲಿ. ಎರಡು ವರ್ಷದವಳಿದ್ದಾಗ ಜ್ವರ ಬಂತು, ಊರಿಗೆ ಬರುತ್ತಿದ್ದ ಕಾಂಪೌಂಡರ್ ಒಬ್ಬರು ಸೊಂಟಕ್ಕೆ ಇಂಜೆಕ್ಷನ್ ಕೊಟ್ಟರು, ಮೂರನೇ ದಿನ ಎಡಗಾಲು ಎತ್ತಲಾಗಲಿಲ್ಲ. ಅವ್ವ ಇವತ್ತಿಗೂ ಆ ಇಂಜೆಕ್ಷನ್ನಿಗೇ ಶಾಪ ಹಾಕುತ್ತಾಳೆ. ಪೋಲಿಯೊ ಇದ್ದ ಮಗುವಿಗೆ ಆ ಜ್ವರದಲ್ಲಿ ಸೂಜಿ ಚುಚ್ಚಿದರೆ ಪಾರ್ಶ್ವವಾಯು ಬಲಿಯುವುದು ಉಂಟು ಅಂತ ಈಗ ಡಾಕ್ಟರುಗಳೂ ಹೇಳುತ್ತಾರೆ. ಅಂದರೆ ಅವ್ವನ ಶಾಪದಲ್ಲಿ ಅರ್ಧ ನ್ಯಾಯ ಇದೆ.

ಶಾಲೆಯಲ್ಲಿದ್ದಾಗ ಬಸ್ ಪಾಸಿಗೆಂದು ಒಂದು ಅಂಗವಿಕಲ ಸರ್ಟಿಫಿಕೇಟ್ ಮಾಡಿಸಿದ್ದರು. ಮನೆ ಸೋರಿದ ಒಂದು ಮಳೆಗಾಲದಲ್ಲಿ ಟ್ರಂಕಿನೊಳಗೇ ಅದು ಮುದ್ದೆಯಾಯಿತು. ಮತ್ತೆ ಮಾಡಿಸಲಿಲ್ಲ. ದುಡಿಯುತ್ತಿದ್ದೆ, ಯಾಕೆ ಬೇಕು ಅನ್ನುವ ಧಿಮಾಕು. ಎರಡು ವರ್ಷದ ಹಿಂದೆ ಬಲಗಾಲು ಕೈಕೊಡಲು ಶುರು ಮಾಡಿತು. ಒಳ್ಳೇ ಕಾಲು ಅದು. ನಲವತ್ತು ವರ್ಷ ಇಬ್ಬರ ಕೆಲಸ ಮಾಡಿದೆ. ಮಿಷನ್ನಿನ ಪೆಡಲ್ಲು ತುಳಿಯುವುದೂ ಅದೇ. ದಿನಕ್ಕೆ ಆರು ರವಿಕೆ ಮುಗಿಸುತ್ತಿದ್ದವಳು ಎರಡಕ್ಕೆ ಇಳಿದೆ. ಆಗ ನಮ್ಮ ಪಂಚಾಯ್ತಿಯ ವಿಆರ್‌ಡಬ್ಲ್ಯೂ ಅಣ್ಣ ಮನೆ ಮುಂದೆ ತ್ರಿಚಕ್ರದ ಗಾಡಿ ನಿಲ್ಲಿಸಿ, “ಏನಕ್ಕಾ, ಇನ್ನೂ ಎಷ್ಟು ವರ್ಷ ಮಾನ ಕಾಯ್ಕೊಂಡು ಕೂತ್ಕೋತೀಯಾ?” ಅಂದರು. ಪಂಚಾಯ್ತಿಗೊಬ್ಬರಂತೆ ಇರುವ ಈ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ತಾವೂ ಅಂಗವಿಕಲರೇ. ಅವರದ್ದೂ ಪೋಲಿಯೊ, ಎರಡೂ ಕಾಲು. ಅದಕ್ಕೇ ಅವರು ಹಾಗೆ ಕೇಳಬಹುದು, ಬೇರೆಯವರು ಕೇಳಿದ್ದರೆ ಕತ್ತರಿ ಎಸೆಯುತ್ತಿದ್ದೆ.

ಈಗ ಮೊದಲಿನ ಹಾಗೆ ಕಾಗದದ ಸರ್ಟಿಫಿಕೇಟ್ ನಡೆಯುವುದಿಲ್ಲ. 2021ರ ಜೂನ್‌ನಿಂದ ಎಲ್ಲ ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿನ ಜಾಲತಾಣದಲ್ಲೇ ಆಗಬೇಕು. 2024ರ ಜುಲೈನಲ್ಲಿ ಗ್ರಾಮ ಒನ್‌ನಲ್ಲಿ ಅರ್ಜಿ ಹಾಕಿಸಿದೆ. ಆಧಾರ್, ಫೋಟೊ, ಸಹಿ. ಪಾಸ್‌ಪೋರ್ಟ್ ಸೈಜಿನ ಎಂಟು ಫೋಟೊ ತೆಗೆಸಿದ್ದೆ, ಹುಡುಗ ಒಂದನ್ನು ಸ್ಕ್ಯಾನ್ ಮಾಡಿ ಏಳನ್ನು ವಾಪಸ್ ಕೊಟ್ಟ. ಬೋರ್ಡ್ ಕೂರುವುದು ಬುಧವಾರ. ಸೆಪ್ಟೆಂಬರಿನ ಒಂದು ಬುಧವಾರ ಬರಲು ಹೇಳಿದರು.

ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಚಾರ್ಜಿಲ್ಲ. ಆದರೆ ಬಸ್ಸಿನ ಮೊದಲನೇ ಮೆಟ್ಟಿಲು ಹಿಂದೆ ಎಷ್ಟು ಎತ್ತರವಿತ್ತೋ ಈಗಲೂ ಅಷ್ಟೇ ಇದೆ. ಅವ್ವ ಹಿಂದಿನಿಂದ ನೂಕಿದಳು.

ಆಸ್ಪತ್ರೆಯ ಕಾರಿಡಾರಿನಲ್ಲಿ ನೂರಕ್ಕೂ ಜಾಸ್ತಿ ಜನ. ಕಣ್ಣು, ಕಿವಿ, ಮೂಳೆ, ಬುದ್ಧಿಮಾಂದ್ಯ ಎಲ್ಲರೂ ಒಂದೇ ಕಡೆ. 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಇದೆಯಂತೆ, ಆ ಕಾರಿಡಾರಿನಲ್ಲಿ ಅಷ್ಟೂ ಇದ್ದವೇನೋ. ಅಟೆಂಡರ್ ಬಾಗಿಲಲ್ಲಿ ನಿಂತು ಹೆಸರು ಕೂಗುತ್ತಿದ್ದ. ಕಿವಿ ಕೇಳದವರ ಹೆಸರನ್ನೂ ಕೂಗುತ್ತಿದ್ದ! ಒಬ್ಬ ಅಜ್ಜನ ಹೆಸರನ್ನು ನಾಲ್ಕು ಸಲ ಕೂಗಿ, “ಬಂದಿಲ್ಲ” ಅಂತ ಚೀಟಿ ಕೆಳಗಿಟ್ಟ. ಅಜ್ಜ ನನ್ನ ಪಕ್ಕದಲ್ಲೇ ಕೂತು ಬಾಳೆಹಣ್ಣು ಸುಲಿಯುತ್ತಿದ್ದರು. ಅವರ ಕೈಯಲ್ಲಿದ್ದ ಆಧಾರ್ ಜೆರಾಕ್ಸ್ ನೋಡಿ ಗೊತ್ತಾಗಿ ನಾನೇ ಎದ್ದು ಒಳಗೆ ಕಳಿಸಿದೆ.

ನನ್ನ ಸರದಿ ಬಂದಾಗ ಮಧ್ಯಾಹ್ನ ಒಂದೂವರೆ. ಮೂಳೆ ಡಾಕ್ಟರು ವಯಸ್ಸಾದವರು, ಸುಸ್ತಾಗಿದ್ದರು, ಆದರೆ ಮಾತು ಮೃದು. “ನಡೆದು ತೋರಿಸಮ್ಮ” ಅಂದರು.

ನಡೆದೆ. ಚೆನ್ನಾಗಿ ನಡೆದುಬಿಟ್ಟೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ದಿನಾ ನಡೆಯುವುದು ಎಡಗೈಯನ್ನು ಎಡತೊಡೆಗೆ ಒತ್ತಿಕೊಂಡು. ಒತ್ತದಿದ್ದರೆ ಮಂಡಿ ಮಡಚಿಕೊಳ್ಳುತ್ತದೆ. ನನ್ನ ಪ್ರತಿಯೊಂದು ಸೀರೆಯಲ್ಲೂ ಅಂಗೈ ಅಗಲದ ಒಂದು ಜಾಗ ಮೊದಲು ಸವೆಯುತ್ತದೆ. ಬೆಳಕಿಗೆ ಹಿಡಿದರೆ ಜಾಲರಿ. ಆದರೆ ಹತ್ತೊಂಬತ್ತನೇ ವಯಸ್ಸಿನಲ್ಲಿ ಹೆಣ್ಣು ನೋಡಲು ಬರುತ್ತಾರೆ ಅಂದಾಗ ಅವ್ವ ನನಗೆ ಇನ್ನೊಂದು ನಡಿಗೆ ಕಲಿಸಿದಳು. ಎರಡೂ ಕೈಯಲ್ಲಿ ಕಾಫಿ ತಟ್ಟೆ ಇರುತ್ತದಲ್ಲ, ತೊಡೆ ಒತ್ತುವುದು ಹೇಗೆ? ಅದಕ್ಕೆ ಮಂಡಿಯನ್ನು ಹಿಂದಕ್ಕೆ ಕೊಟ್ಟು, ಬೀಗ ಹಾಕಿದ ಹಾಗೆ ಬಿಗಿ ಮಾಡಿ, ಸೊಂಟದಿಂದ ಕಾಲು ಬೀಸಿ ಇಡುವುದು. ಅಡುಗೆಮನೆಯಿಂದ ಪಡಸಾಲೆಗೆ ಹನ್ನೊಂದು ಹೆಜ್ಜೆ. ಲೋಟಕ್ಕೆ ನೀರು ತುಂಬಿ ಒಂದು ವಾರ ಅಭ್ಯಾಸ. ನೋಡಲು ಬಂದವರು ಕಾಫಿ ಕುಡಿದು ಹೋದರು, ಮತ್ತೆ ಬರಲಿಲ್ಲ. ಆಮೇಲೆ ಇನ್ನಿಬ್ಬರು ಬಂದರು. ಮದುವೆ ಆಗಲಿಲ್ಲ, ನಡಿಗೆ ಮಾತ್ರ ಉಳಿಯಿತು. ಅಪರಿಚಿತರು ನೋಡುತ್ತಿದ್ದಾರೆ ಅಂದರೆ ಸಾಕು, ಕಾಲು ತಾನಾಗಿ ಹಾಗೆ ನಡೆಯುತ್ತದೆ.

ಬೋರ್ಡಿನ ಮುಂದೆಯೂ ಅದೇ ಆಯಿತು. ಕೈ ತೊಡೆಗೆ ಹೋಗಲಿಲ್ಲ. ಗೋಡೆ ತನಕ ಹೋಗಿ ತಿರುಗಿದ ಮೇಲೆ ನೆನಪಾಯಿತು, ಅಯ್ಯೋ, ಇಲ್ಲಿ ಒತ್ತಿಕೊಂಡು ನಡೆಯಬೇಕಿತ್ತಲ್ಲ ಅಂತ. ಅಷ್ಟರಲ್ಲಿ “ಸಾಕು, ಮಲಗಿ” ಅಂದರು.

ಮಲಗಿಸಿ ಕಾಲು ಎತ್ತಿಸಿದರು, ಕೈಯಿಂದ ಅದುಮಿ “ತಳ್ಳಿ” ಅಂದರು. ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದವರಿಗೆ ಒಂದೊಂದು ಸ್ನಾಯುವಿಗೂ ನಂಬರ್ ಹೇಳುತ್ತಿದ್ದರು. ಐದಕ್ಕೆ ಎಷ್ಟು ಅಂತ. ತೊಡೆಗೆ ಎರಡು. ಇನ್ನೊಂದಕ್ಕೆ ಮೂರು. ಪಾದಕ್ಕೆ ಒಂದು. ಎಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ನೆನಪಾಯಿತು, ಇಲ್ಲಿ ಫೇಲಾದಷ್ಟೂ ಒಳ್ಳೆಯದು. ಅಷ್ಟರಲ್ಲಿ ಡಾಕ್ಟರು ಬಾಗಿಲ ಹತ್ತಿರ ನಿಂತಿದ್ದ ಮೂವರು ಎಳೇ ವಯಸ್ಸಿನ ಡಾಕ್ಟರುಗಳನ್ನು ಕರೆದರು. “ಪೋಲಿಯೊ ನೋಡಿದ್ದೀರಾ? ಬನ್ನಿ, ನೋಡ್ಕೊಳ್ಳಿ. ಇನ್ಮೇಲೆ ಸಿಗಲ್ಲ.” ಮೂವರೂ ಬಗ್ಗಿ ನನ್ನ ಕಾಲು ನೋಡಿದರು. ಒಬ್ಬಳು ಹುಡುಗಿ ಬೆರಳ ತುದಿಯಿಂದ ಮೀನಖಂಡ ಮುಟ್ಟಿ, “ತಣ್ಣಗಿದೆ” ಅಂದಳು. ಹೌದು, ಅದು ಯಾವಾಗಲೂ ತಣ್ಣಗೇ ಇರುತ್ತದೆ. ನನಗೆ ಬೇಜಾರಾಗಲಿಲ್ಲ. ದೇಶದಲ್ಲಿ ಕೊನೆಯ ಕೇಸು ಬಂದದ್ದು 2011ರ ಜನವರಿಯಲ್ಲಿ, 2014ರಲ್ಲಿ ಭಾರತ ಪೋಲಿಯೊಮುಕ್ತ ಅಂತ ಘೋಷಣೆಯೂ ಆಯಿತು. ಆ ಮಕ್ಕಳು ಎಲ್ಲಿ ನೋಡಿರಬೇಕು? ನಾವು ಅಳಿದುಹೋಗುತ್ತಿರುವ ಜಾತಿ.

ಆಮೇಲೆ ಟೇಪು. ಬಲಗಾಲು ಅಳೆದರು, ಎಡಗಾಲು ಅಳೆದರು, “ಎರಡೂವರೆ” ಅಂದರು. ಮುಗಿಯಿತು. “ಎಷ್ಟು ಪರ್ಸೆಂಟ್ ಸಾರ್?” ಅಂತ ಕೇಳಿದೆ. “ಆನ್‌ಲೈನಲ್ಲಿ ಬರುತ್ತೆ, ಮೆಸೇಜ್ ಬರುತ್ತೆ” ಅಂದರು.

ಹೊರಗೆ ಟೀ ಅಂಗಡಿ ಹತ್ತಿರ ಒಬ್ಬ ಸಿಕ್ಕಿದ. ಇಂಥವರು ಇಂಥ ಕಡೆಯೆಲ್ಲ ಇರುತ್ತಾರೆ. “ಪೋಲಿಯೊನಾ? ಒಂದು ಕಾಲಾ? ಐವತ್ತೋ ಅರವತ್ತೋ ಹಾಕ್ತಾರೆ. ಆರು ಸಾವಿರ ಆದ್ರೆ ಎಪ್ಪತ್ತೈದು ಮಾಡಿಸಿಕೊಡ್ತೀನಿ.” ಅವನು ಎಪ್ಪತ್ತೈದು ಅಂದದ್ದು ಸುಮ್ನೆ ಅಲ್ಲ. ಶೇಕಡಾ 40ರಿಂದ 74ರವರೆಗೆ ಇದ್ದರೆ ತಿಂಗಳಿಗೆ 800 ರೂಪಾಯಿ, 75 ದಾಟಿದರೆ 1,400. ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ, ವ್ಯತ್ಯಾಸ ಆರುನೂರು, ಹತ್ತು ತಿಂಗಳಲ್ಲಿ ಅವನ ದುಡ್ಡು ಹುಟ್ಟುತ್ತದೆ. ನಾನು ಕೊಡಲಿಲ್ಲ. ಪ್ರಾಮಾಣಿಕತೆ ಅಂತ ಬರೆದುಕೊಳ್ಳಬಹುದು, ಆದರೆ ಅವತ್ತು ನನ್ನ ಹತ್ತಿರ ಇದ್ದದ್ದು 340 ರೂಪಾಯಿ.

ಮನೆಗೆ ಬಂದ ಮೇಲೆ ಕಾಯುವುದು ಶುರುವಾಯಿತು.

ಮೊದಲ ವಾರ ಫೋನು ಟಿಂಗ್ ಅಂದರೆ ಮಿಷನ್ ನಿಲ್ಲಿಸಿ ನೋಡುತ್ತಿದ್ದೆ. ಸಿಮ್ ಕಂಪನಿಯವರು, ಸಾಲ ಕೊಡುತ್ತೇವೆ ಅನ್ನುವವರು. ಅಕ್ಕಪಕ್ಕದವರು ದಿನಕ್ಕೊಬ್ಬರಂತೆ ಕೇಳತೊಡಗಿದರು. “ಬಂತಾ?” “ಎಷ್ಟು ಹಾಕಿದ್ರಂತೆ?” ಎದುರು ಮನೆ ಅತ್ತೆ ನಾನು ಚೆನ್ನಾಗಿ ನಡೆದ ಕತೆ ಕೇಳಿ ತಲೆ ಚಚ್ಚಿಕೊಂಡರು. “ಒಂದಿಷ್ಟು ಜಾಸ್ತಿ ಕುಂಟಬಾರ್ದಿತ್ತೇನೇ? ಅಲ್ಲೇನು ಮದ್ವೆ ಹುಡುಗ ಕೂತಿದ್ನಾ?” ನಗು ಬಂತು. ರಾತ್ರಿ ಮಲಗಿದಾಗ ನಗು ಬರಲಿಲ್ಲ. ಜನ್ಮವಿಡೀ ಮುಚ್ಚಿಟ್ಟುಕೊಂಡು ಬಂದದ್ದನ್ನು ಅವತ್ತೊಂದು ದಿನ ಬಿಚ್ಚಿ ತೋರಿಸಬೇಕಿತ್ತು, ಆಗಲಿಲ್ಲ. ಅವ್ವನ ಮೇಲೂ ಸಿಟ್ಟು ಬಂತು. ಅವಳು ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದಳು.

ಅದಕ್ಕಿಂತ ಜಾಸ್ತಿ ಕಾಡಿದ್ದು ಟೇಪು. ವಿಆರ್‌ಡಬ್ಲ್ಯೂ ಅಣ್ಣ ಒಂದು ದಿನ ಕೂತು ಲೆಕ್ಕ ಹೇಳಿಕೊಟ್ಟಿದ್ದರು. ಕಾಲು ಗಿಡ್ಡ ಇದ್ದರೆ ಮೊದಲನೇ ಅರ್ಧ ಇಂಚಿಗೆ ಏನೂ ಇಲ್ಲ, ಆಮೇಲಿನ ಪ್ರತಿ ಅರ್ಧ ಇಂಚಿಗೆ ನಾಲ್ಕು ಪರ್ಸೆಂಟ್. ನನ್ನದು ಎರಡೂವರೆ. ಅರ್ಧ ಕಳೆದರೆ ಎರಡು, ಅಂದರೆ ನಾಲ್ಕು ಅರ್ಧ ಇಂಚು, ಹದಿನಾರು ಪರ್ಸೆಂಟ್. ಸ್ನಾಯುವಿನ ಲೆಕ್ಕ ಬೇರೆ. ನನ್ನ ತಲೆ ಮಾತ್ರ ಟೇಪಿನಲ್ಲೇ ಸಿಕ್ಕಿಕೊಂಡಿತು. ತುದಿಯ ಅರ್ಧ ಇಂಚು ಇರಲಿಲ್ಲವಲ್ಲ! ನಾಲ್ಕು ಪರ್ಸೆಂಟ್ ಹೋಯಿತಲ್ಲ! 39 ಬಂದು ನಿಂತರೆ? ಶೇಕಡಾ 40 ಇಲ್ಲದಿದ್ದರೆ ಬಿಳಿ ಕಾರ್ಡು, ಮಾಸಾಶನ ಇಲ್ಲ. 40 ದಾಟಿದರೆ ಹಳದಿ, 80 ದಾಟಿದರೆ ನೀಲಿ. ಮೂವತ್ತು ರೂಪಾಯಿ ಟೇಪು ನನ್ನ ಬಾಳು ಹಾಳು ಮಾಡಿತು ಅಂದುಕೊಂಡೆ. ಹೊಸದೊಂದು ಟೇಪು ತೆಗೆದುಕೊಂಡು ಹೋಗಿ, “ಸಾರ್, ಇನ್ನೊಂದ್ಸಲ ಅಳೀರಿ” ಅನ್ನಲೇ ಅಂತಲೂ ಯೋಚಿಸಿದೆ. ಮೂರು ವಾರ ಇದೇ.

ಮಹಾಲಯ ಅಮಾವಾಸ್ಯೆ ಕಳೆದಿತ್ತು, ಹಬ್ಬದ ರವಿಕೆಗಳ ರಾಶಿ. ಒಬ್ಬ ಹುಡುಗಿಗೆ ತೋಳಿನ ಅಳತೆ ತೆಗೆಯುತ್ತಿದ್ದೆ. ಎಡತೋಳು, ಬಲತೋಳು. ಕೈ ಅಲ್ಲೇ ನಿಂತಿತು. ತುದಿ ಹರಿದ ಟೇಪಿನಲ್ಲಿ ಅಳೆದರೆ ಅರ್ಧ ಇಂಚು ಜಾಸ್ತಿ ತೋರಿಸುತ್ತದೆ ನಿಜ. ಆದರೆ ಎರಡೂ ಕಾಲಿಗೆ ಜಾಸ್ತಿ ತೋರಿಸುತ್ತದೆ! ಒಂದರಿಂದ ಒಂದು ಕಳೆದರೆ ವ್ಯತ್ಯಾಸ ಅಷ್ಟೇ. ಎರಡೂವರೆ ಎರಡೂವರೆಯೇ. ಇಪ್ಪತ್ತೆರಡು ವರ್ಷ ಟೇಪು ಹಿಡಿದ ನನಗೆ ಇದು ಹೊಳೆಯಲು ಮೂರು ವಾರ ಬೇಕಾಯಿತು. ಜೋರಾಗಿ ನಕ್ಕೆ. ಹುಡುಗಿ, “ಯಾಕಕ್ಕ, ನನ್ ತೋಳು ಅಷ್ಟೊಂದು ದಪ್ಪ ಆಗಿದ್ಯಾ?” ಅಂತ ಮುಖ ಸಣ್ಣ ಮಾಡಿದಳು.

ಆಮೇಲೆ ಸ್ವಲ್ಪ ನಿದ್ದೆ ಬಂತು. ಆದರೆ ಮೆಸೇಜು ಬರಲಿಲ್ಲ. ಆಯುಧಪೂಜೆಗೆ ಮಿಷನ್ನಿಗೆ ಹೂವಿಟ್ಟೆ, ದೀಪಾವಳಿ ಹೋಯಿತು. ಸರ್ಟಿಫಿಕೇಟ್ ಒಂದು ತಿಂಗಳಲ್ಲಿ ಕೊಡಬೇಕು ಅಂತ ಮೊದಲು ನಿಯಮ ಇತ್ತು. ಅದೇ ಅಕ್ಟೋಬರಿನಲ್ಲಿ ನಿಯಮ ತಿದ್ದಿ ಮೂರು ತಿಂಗಳು ಮಾಡಿದರು. ನಾನು ಕಾಯುತ್ತಿರುವಾಗಲೇ ಗೆರೆ ಹಿಂದಕ್ಕೆ ಸರಿಯಿತು! ಗ್ರಾಮ ಒನ್ ಹುಡುಗ ನನ್ನನ್ನು ದೂರದಿಂದ ನೋಡಿದರೆ ಸಾಕು, “ಅಕ್ಕ, ಇನ್ನೂ ಪೆಂಡಿಂಗ್” ಅಂತ ಅಲ್ಲಿಂದಲೇ ಕೂಗುತ್ತಿದ್ದ. ಹತ್ತಿರ ಹೋಗುವ ಕಷ್ಟ ತಪ್ಪಿಸುತ್ತಿದ್ದ, ಪುಣ್ಯಾತ್ಮ.

ಡಿಸೆಂಬರಿನಲ್ಲಿ ಮೆಸೇಜು ಬಂತು. ಇಂಗ್ಲಿಷಿನಲ್ಲಿತ್ತು. ಅದೇ ಹುಡುಗ ಪ್ರಿಂಟ್ ತೆಗೆದುಕೊಟ್ಟ. ಶೇಕಡಾ 58. ಶಾಶ್ವತ. ಹಳದಿ ಪಟ್ಟಿ, ಅಕ್ಷರ, ಅಂಕಿ ಸೇರಿ ಹದಿನೆಂಟರ ನಂಬರು, ಏಳರಲ್ಲಿ ಒಂದೂ ಖರ್ಚಾಗದ ಅದೇ ಫೋಟೊ. ಟೀ ಅಂಗಡಿ ಹತ್ತಿರ ಸಿಕ್ಕವನು ಹೇಳಿದ್ದು ಸರಿಯಾಗಿತ್ತು, ದುಡ್ಡಿಲ್ಲದೇ. ಅವ್ವ ಕಾರ್ಡು ತಿರುಗಿಸಿ ತಿರುಗಿಸಿ ನೋಡಿ, “ಐವತ್ತೆಂಟು ಅಂದ್ರೆ ಅರ್ಧಕ್ಕಿಂತ ಜಾಸ್ತಿ ಅಲ್ವಾ?” ಅಂದಳು. ಆಮೇಲೆ ಏನೂ ಅನ್ನದೆ ಎದ್ದು ಒಲೆ ಹತ್ತಿರ ಹೋದಳು. ಅವಳು ಅಷ್ಟು ಅಂದುಕೊಂಡಿರಲಿಲ್ಲ ಅನ್ನಿಸುತ್ತದೆ. ಅವಳೇ ಕಲಿಸಿದ ನಡಿಗೆ ಅವಳನ್ನೂ ನಂಬಿಸಿತ್ತು.

ಸಂಕ್ರಾಂತಿ ಮುಗಿಸಿ ನಾಡಕಚೇರಿಗೆ ಹೋಗಿ ಮಾಸಾಶನದ ಅರ್ಜಿ ಹಾಕಿದೆ. ವರ್ಷದ ಆದಾಯ 32 ಸಾವಿರ ದಾಟಬಾರದು. ತಿಂಗಳಿಗೆ ಎರಡು ಸಾವಿರದ ಆರುನೂರು ಚಿಲ್ಲರೆ ಆಯಿತು. ದಿನಕ್ಕೆ ಎರಡು ರವಿಕೆ ಹೊಲಿಯುವವಳಿಗೆ ದಾರ, ಲೈನಿಂಗು, ಕೊಕ್ಕೆ ಕಳೆದರೆ ಅದನ್ನು ದಾಟುವ ಭಯವೇನೂ ಇರಲಿಲ್ಲ. ಹಬ್ಬ, ಮದುವೆ ತಿಂಗಳು ಬಿಟ್ಟರೆ ದಿನಾ ಎರಡೂ ಸಿಗುವುದಿಲ್ಲ. ಗ್ರಾಮ ಆಡಳಿತಾಧಿಕಾರಿ ಬಂದು ಮನೆ ನೋಡಿದರು, ಬಾಗಿಲ ಮುಂದೆ ನಿಲ್ಲಿಸಿ ಮೊಬೈಲಿನಲ್ಲಿ ಫೋಟೊ ತೆಗೆದರು. ಈ ಸಲ ತೊಡೆ ಒತ್ತಿಕೊಂಡೇ ನಿಂತೆ. ರಸೀದಿ ನೋಡಿ ವಿಆರ್‌ಡಬ್ಲ್ಯೂ ಅಣ್ಣ, “ಇದು ಸಕಾಲ ಕಾಯ್ದೆಯೊಳಗೆ ಬರುತ್ತೆ. ತಡ ಮಾಡಿದ್ರೆ ದಿನಕ್ಕೆ 20 ರೂಪಾಯಿ ಪರಿಹಾರ ಕೇಳಬೌದು, ಐನೂರರ ತನಕ” ಅಂದರು. ಅವ್ವ ತಕ್ಷಣ, “ಹಂಗಾದ್ರೆ ಒಂದ್ ತಿಂಗ್ಳು ತಡ ಮಾಡ್ಲಿ ಬಿಡು” ಅಂದಳು. ಅವಳಿಗೆ ಸಂಧ್ಯಾ ಸುರಕ್ಷದಲ್ಲಿ 1,200 ಬರುತ್ತದೆ, ಸರ್ಕಾರದ ವ್ಯವಹಾರದಲ್ಲಿ ನನಗಿಂತ ಪಳಗಿದವಳು.

ಫೆಬ್ರವರಿ ಕೊನೆಗೆ ಮಂಜೂರಾತಿ ಆದೇಶ ಕೈಗೆ ಬಂತು. ಮಾರ್ಚಿನಿಂದ ದುಡ್ಡು. ಮಾರ್ಚಿನಲ್ಲಿ ಪಾಸ್‌ಬುಕ್ ಹಾಕಿಸಿದೆ, ಇಲ್ಲ. ಏಪ್ರಿಲ್, ಇಲ್ಲ. ಬ್ಯಾಂಕಿನಲ್ಲಿ “ಆಧಾರ್ ಲಿಂಕ್ ಇದೆ, ನಮ್ಮ ಕಡೆಯಿಂದ ಏನೂ ತೊಂದ್ರೆ ಇಲ್ಲ” ಅಂದರು. ನಾಡಕಚೇರಿಯಲ್ಲಿ “ನಮ್ಮ ಕಡೆಯಿಂದ ಆಗಿದೆ, ಖಜಾನೆಯಿಂದ ಹೋಗುತ್ತೆ” ಅಂದರು. ಎರಡು ಕಡೆಯೂ ಸರಿಯಾಗಿದ್ದರೆ ನಡುವೆ ದುಡ್ಡು ಎಲ್ಲಿ ಸೋರಿತು? ಮೇನಲ್ಲೂ ಇಲ್ಲ. 58 ಅನ್ನುವುದನ್ನು ಯಾರೋ ನೋಡಿ ತಪ್ಪು ಅಂದುಬಿಟ್ಟರೇನೋ, ನಾನು ಅಂಗಡಿಗೆ ನಡೆದುಹೋಗುವುದನ್ನು ಯಾರಾದರೂ ನೋಡಿದರೇನೋ, ಹೀಗೆಲ್ಲ ತಲೆಗೆ ಬರುತ್ತಿತ್ತು. ಕಾಯುವವರ ತಲೆಗೆ ಬೇರೆ ಕೆಲಸ ಇರುವುದಿಲ್ಲ.

ಜೂನಿನಲ್ಲಿ ವಿಆರ್‌ಡಬ್ಲ್ಯೂ ಅಣ್ಣ ತಮ್ಮ ಮೊಬೈಲಿನಲ್ಲಿ ಆಧಾರ್‌ನವರ ಜಾಲತಾಣ ತೆಗೆದರು. ನನ್ನ ನಂಬರ್ ಹಾಕಿ, ಓಟಿಪಿ ಹಾಕಿ, ನೋಡಿ, “ಅಕ್ಕಾ, ಇದ್ಯಾವ ಬ್ಯಾಂಕು?” ಅಂದರು. ನನ್ನ ಪಾಸ್‌ಬುಕ್ಕಿನ ಬ್ಯಾಂಕಲ್ಲ, ಇನ್ನೊಂದು. ಅರ್ಧ ನಿಮಿಷ ಬೇಕಾಯಿತು ನೆನಪಾಗಲು. 2015ರಲ್ಲಿ ಶಾಲೆ ಅಂಗಳದಲ್ಲಿ ಜನಧನ್ ಶಿಬಿರ ಆಗಿತ್ತು. ಎಲ್ಲರ ಜೊತೆ ನಾನೂ ಬೆರಳೊತ್ತಿ ಖಾತೆ ತೆಗೆಸಿದ್ದೆ. ಪಾಸ್‌ಬುಕ್ ಎಲ್ಲಿ ಹೋಯಿತೋ. ಬ್ಯಾಂಕಿನವರು ಹೇಳುವ “ಲಿಂಕ್” ಬೇರೆ, ಸರ್ಕಾರದ ದುಡ್ಡು ಹುಡುಕಿಕೊಂಡು ಹೋಗುವ ಲಿಂಕ್ ಬೇರೆಯಂತೆ. ಆ ಎರಡನೆಯದು ಒಂದು ಖಾತೆಗೆ ಮಾತ್ರ ಇರುತ್ತದೆ. ನನ್ನದು ಹತ್ತು ವರ್ಷದಿಂದ ಅಲ್ಲೇ ಕೂತಿತ್ತು. ನಾನು ಒಂದು ಬಾಗಿಲಲ್ಲಿ ಕಾಯುತ್ತಿದ್ದೆ, ದುಡ್ಡು ಇನ್ನೊಂದು ಬಾಗಿಲಿಂದ ತಿಂಗಳು ತಿಂಗಳು ಒಳಗೆ ಹೋಗಿ ಕೂರುತ್ತಿತ್ತು.

ಮಾರನೇ ದಿನ ಆ ಬ್ಯಾಂಕಿನ ಬ್ಯಾಂಕ್ ಮಿತ್ರ ಹುಡುಗಿಯ ಹತ್ತಿರ ಹೋದೆವು. ಹೆಬ್ಬೆರಳು ಇಟ್ಟರೆ ಯಂತ್ರ ಒಪ್ಪಲಿಲ್ಲ. ಕತ್ತರಿ ಹಿಡಿದು ಸವೆದ ಬೆರಳು. ತೋರು ಬೆರಳಿಗೆ ಸೂಜಿ ಗಾಯ. ಕೊನೆಗೆ ಎಡಗೈಯ ಉಂಗುರದ ಬೆರಳು ಹಿಡಿಯಿತು.

“ನಾಲ್ಕು ಸಾವಿರದ ನೂರು ಚಿಲ್ಲರೆ ಇದೆ ಅಕ್ಕ.”

ಮೂರು ತಿಂಗಳಿಗೆ 2,400 ಆಗಬೇಕು. ಮಿಕ್ಕಿದ್ದು ಯಾರದ್ದು ಅಂತ ನನಗೆ ಹೆದರಿಕೆಯಾಯಿತು. ಅವಳು ಪಟ್ಟಿ ಕೆಳಗೆ ಸರಿಸಿ ನೋಡಿದಳು. 2020ರಲ್ಲಿ ಏಪ್ರಿಲ್, ಮೇ, ಜೂನ್, ಐನೂರು ಐನೂರು ಐನೂರು. ಕೊರೊನಾ ಕಾಲದಲ್ಲಿ ಹೆಂಗಸರ ಜನಧನ್ ಖಾತೆಗೆ ಹಾಕಿದ ದುಡ್ಡು. ಆ ಮೂರು ತಿಂಗಳು ಒಬ್ಬರೂ ರವಿಕೆ ಹೊಲಿಸಲಿಲ್ಲ, ಅಣ್ಣನ ಮನೆಯಿಂದ ರಾಗಿ ಸಾಲ ತಂದು ಉಂಡಿದ್ದೆವು.

“ತೆಗೀಲಾ?” ಅಂದಳು, ತಾನೇ ಮತ್ತೆ ಏನೋ ಒತ್ತಿ ನೋಡಿ, “ಅಯ್ಯೋ, ಆಗಲ್ಲ ಅಕ್ಕ. ಖಾತೆ ಮಲಗಿಬಿಟ್ಟಿದೆ. ದುಡ್ಡು ಬರುತ್ತೆ, ತೆಗೆಯೋಕೆ ಬಿಡಲ್ಲ. ಬ್ರಾಂಚಿಗೆ ಹೋಗಿ ಕೆವೈಸಿ ಕೊಟ್ಟು ಎಬ್ಬಿಸ್ಬೇಕು” ಅಂದಳು.

“ಎಷ್ಟು ದಿನ ಆಗುತ್ತೆ?” ಅಂದಳು ಅವ್ವ.

“ಒಂದು ವಾರ ಅಂತಾರೆ.”

ಅವ್ವ ನನ್ನ ಮುಖ ನೋಡಿದಳು. ಸೋಮವಾರ ಬ್ರಾಂಚಿಗೆ ಹೋಗುತ್ತಿದ್ದೇವೆ. ಆಧಾರ್, ಯುಡಿಐಡಿ ಜೆರಾಕ್ಸ್, ಎರಡು ಫೋಟೊ ಕೇಳಿದ್ದಾರೆ. ಫೋಟೊ ಇನ್ನೂ ಮೂರು ಉಳಿದಿವೆ.